ಅಣುತ್ಯಾಜ್ಯದ ನೆಲೆ: ಭೂವಿಜ್ಞಾನದ ಲೆಕ್ಕ, ರಾಜಕಾರಣದ ಲೆಕ್ಕ

ಉತ್ಪಾದನೆಯಲ್ಲಿ ತೊಡಗಿರುವ ಯಾವ ಉದ್ಯಮಿಗೂ ತ್ಯಾಜ್ಯದ ಪ್ರಶ್ನೆ ಹೊಸದಲ್ಲ. ಲೋಹಲೇಪನದ ಘಟಕವಾಗಲಿ, ಬಟ್ಟೆಗೆ ಬಣ್ಣ ಹಾಕುವ ಘಟಕವಾಗಲಿ, ತನ್ನಲ್ಲಿ ಉಳಿಯುವ ಕೆಸರನ್ನು ಎಲ್ಲಿಗೆ ಸಾಗಿಸಬೇಕು, ಅದಕ್ಕೆ ತಗಲುವ ವೆಚ್ಚವೆಷ್ಟು, ಆ ವೆಚ್ಚವನ್ನು ಯಾವ ವರ್ಷದ ಲೆಕ್ಕಕ್ಕೆ ಸೇರಿಸಬೇಕು ಎಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಪತ್ರ ಕೈಸೇರುವ ಮೊದಲೇ ಯೋಚಿಸಬೇಕಾಗುತ್ತದೆ. ಸಣ್ಣ ಕೈಗಾರಿಕೆಗೆ ಕಡ್ಡಾಯವಾದ ಈ ಶಿಸ್ತು ಪರಮಾಣು ವಿದ್ಯುತ್ತಿನಂತಹ ಬೃಹತ್ ಉದ್ಯಮಕ್ಕೆ ಬಹುಕಾಲ ಅನ್ವಯಿಸಲಿಲ್ಲವೆಂಬುದು ಸೋಜಿಗದ ಸಂಗತಿ. 1950ರ ದಶಕದಲ್ಲಿಯೇ ಅಣುಸ್ಥಾವರಗಳು ವಿದ್ಯುತ್ ನೀಡತೊಡಗಿದವು. ಆದರೆ ಉರಿದುಳಿದ ಇಂಧನವನ್ನು ಶಾಶ್ವತವಾಗಿ ಇರಿಸುವ ಸ್ಥಳವನ್ನು ಇಂದಿಗೂ ಬೆರಳೆಣಿಕೆಯ ದೇಶಗಳು ಮಾತ್ರ ನಿಶ್ಚಯಿಸಿಕೊಂಡಿವೆ.

ಈ ವಿಳಂಬಕ್ಕೆ ವಿಜ್ಞಾನದ ಕೊರತೆಯೇ ಕಾರಣವೆಂದು ಹೇಳಲಾಗದು. ಭೂಮಿಯ ಆಳದಲ್ಲಿ, ನೀರಿನ ಚಲನೆ ಅತ್ಯಲ್ಪವಾಗಿರುವ ಸ್ಥಿರವಾದ ಶಿಲಾಪದರದೊಳಗೆ ತ್ಯಾಜ್ಯವನ್ನು ಹುದುಗಿಸಬೇಕೆಂದೂ, ಉಪ್ಪಿನ ಪದರಗಳು ಅದಕ್ಕೆ ಯೋಗ್ಯವೆಂದೂ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ 1957ರಷ್ಟು ಹಿಂದೆಯೇ ತಿಳಿಸಿತ್ತು. ಪ್ಲುಟೋನಿಯಂ-239 ಎಂಬ ಧಾತುವಿನ ಅರ್ಧಾಯುಷ್ಯವೇ ಸುಮಾರು 24,000 ವರ್ಷ. ಅಷ್ಟು ಕಾಲ ಕಾವಲು ಕಾಯಬಲ್ಲ ಸರ್ಕಾರವಾಗಲಿ ಕಂಪನಿಯಾಗಲಿ ಇಲ್ಲದಿರುವುದರಿಂದ, ಕಾವಲಿನ ಹೊಣೆಯನ್ನು ಕಲ್ಲಿಗೆ ವಹಿಸುವುದೇ ವಿವೇಕವೆಂಬುದು ಈ ಚಿಂತನೆಯ ತಿರುಳು. ಅದರಲ್ಲಿ ತಜ್ಞರ ನಡುವೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ವಿವಾದವೆಲ್ಲ ಇರುವುದು ಯಾವ ಕಲ್ಲು, ಯಾರ ಊರಿನ ಕಲ್ಲು ಎಂಬಲ್ಲಿ.

“ವಿಜ್ಞಾನಿಗಳಿಗೇ ಬಿಟ್ಟಿದ್ದರೆ ಸ್ಥಳ ಎಂದೋ ಗೊತ್ತಾಗುತ್ತಿತ್ತು, ರಾಜಕಾರಣಿಗಳು ಅಡ್ಡ ಬಂದರು” ಎಂಬ ಮಾತು ವಿದ್ಯಾವಂತ ವಲಯದಲ್ಲಿ ಆಗಾಗ ಕೇಳಿಬರುತ್ತದೆ. ಉದ್ಯಮ ವಲಯಕ್ಕೂ ಈ ಮಾತು ಹಿತವೆನಿಸುತ್ತದೆ. ಆದರೆ ಇದು ಅರ್ಧಸತ್ಯ. ಒಂದು ಸ್ಥಳ ಸಾಕಷ್ಟು ಸುರಕ್ಷಿತವೇ ಅಲ್ಲವೇ ಎಂಬುದನ್ನು ಮಾತ್ರ ವಿಜ್ಞಾನ ಹೇಳಬಲ್ಲದು. ಸಾಕಷ್ಟು ಸುರಕ್ಷಿತವಾದ ನಾಲ್ಕು ಸ್ಥಳಗಳಲ್ಲಿ ಭಾರ ಹೊರಬೇಕಾದ ಊರು ಯಾವುದೆಂಬ ಪ್ರಶ್ನೆಗೆ ಭೂವಿಜ್ಞಾನದಲ್ಲಿ ಉತ್ತರವಿಲ್ಲ. ಅದು ರಾಜಕಾರಣವೇ ತೀರ್ಮಾನಿಸಬೇಕಾದ ವಿಷಯ. ಆ ರಾಜಕಾರಣವನ್ನು ಬಹಿರಂಗವಾಗಿ ನಡೆಸದೆ ವಿಜ್ಞಾನದ ಮುಸುಕು ಹೊದಿಸಿ ನಡೆಸಿದಾಗ ಏನಾಗುತ್ತದೆಂಬುದಕ್ಕೆ ಅಮೆರಿಕದ ಯಕ್ಕಾ ಪರ್ವತದ ವೃತ್ತಾಂತಕ್ಕಿಂತ ಮಿಗಿಲಾದ ನಿದರ್ಶನ ದೊರೆಯುವುದಿಲ್ಲ.

ಅಮೆರಿಕದ ಅಣುತ್ಯಾಜ್ಯ ನೀತಿ ಶಾಸನಕ್ಕೆ ಅಧ್ಯಕ್ಷ ರೇಗನ್ 1983ರ ಜನವರಿಯಲ್ಲಿ ಸಹಿ ಹಾಕಿದರು. ಶಾಸನದ ರಚನೆ ನ್ಯಾಯಸಮ್ಮತವಾಗಿಯೇ ಇದ್ದಿತು. ಹಲವು ಸ್ಥಳಗಳನ್ನು ಪರಿಶೀಲಿಸಿ ಪಶ್ಚಿಮದಲ್ಲೊಂದು, ಪೂರ್ವದಲ್ಲೊಂದು ನೆಲೆಯನ್ನು ಆರಿಸಿ ಭಾರವನ್ನು ಹಂಚುವುದು ಅದರ ಆಶಯವಾಗಿತ್ತು. ವಿದ್ಯುತ್ ಕಂಪನಿಗಳು ತಾವು ಉತ್ಪಾದಿಸಿದ ಪ್ರತಿ ಯೂನಿಟ್ ಅಣುವಿದ್ಯುತ್ತಿಗೆ ಒಂದು ಸೆಂಟಿನ ಹತ್ತನೆಯ ಒಂದು ಭಾಗವನ್ನು ಪ್ರತ್ಯೇಕ ನಿಧಿಗೆ ಕಟ್ಟಬೇಕು. ಪ್ರತಿಯಾಗಿ ಸರ್ಕಾರವು 1998ರ ಜನವರಿ 31ರಿಂದ ಉರಿದ ಇಂಧನವನ್ನು ಒಯ್ಯಲಾರಂಭಿಸಬೇಕು. ಕಂಪನಿಗಳೊಡನೆ ಲಿಖಿತ ಕರಾರೂ ಆಯಿತು.

1986ರಲ್ಲಿ ಇಂಧನ ಇಲಾಖೆಯು ಪಶ್ಚಿಮದ ಹಾಗೂ ದಕ್ಷಿಣದ ಐದು ಸ್ಥಳಗಳಿಗೆ ಅಂಕ ನೀಡಿ ಶ್ರೇಣೀಕರಿಸಿತು. ನೆವಾಡಾ ರಾಜ್ಯದ ಯಕ್ಕಾ ಪರ್ವತ ಮೊದಲ ಸ್ಥಾನದಲ್ಲಿಯೂ, ಮಿಸಿಸಿಪಿಯ ರಿಚ್ಟನ್ ಉಪ್ಪಿನ ಗುಮ್ಮಟ ಎರಡನೆಯ, ಟೆಕ್ಸಾಸ್‌ನ ಡೆಫ್ ಸ್ಮಿತ್ ಕೌಂಟಿ ಮೂರನೆಯ, ಯೂಟಾದ ಡೇವಿಸ್ ಕ್ಯಾನ್ಯನ್ ನಾಲ್ಕನೆಯ, ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್ ಕೊನೆಯ ಸ್ಥಾನದಲ್ಲಿಯೂ ಬಂದವು. ಮುಂದಿನ ಅಧ್ಯಯನಕ್ಕೆ ಇಲಾಖೆ ಆರಿಸಿದ ಮೂರು ಸ್ಥಳಗಳೆಂದರೆ ಮೊದಲನೆಯದು, ಮೂರನೆಯದು ಮತ್ತು ಐದನೆಯದು! ಬೇರೆಬೇರೆ ಬಗೆಯ ಶಿಲೆಗಳು ಪಟ್ಟಿಯಲ್ಲಿರಬೇಕೆಂಬುದು ಇಲಾಖೆ ಕೊಟ್ಟ ಸಮಜಾಯಿಷಿ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದೇ ದಿನ, ಅಂದರೆ 1986ರ ಮೇ 28ರಂದು, ಪೂರ್ವದ ರಾಜ್ಯಗಳಲ್ಲಿ ನಡೆಯಬೇಕಿದ್ದ ಎರಡನೆಯ ನೆಲೆಯ ಶೋಧವನ್ನು ಸ್ಥಗಿತಗೊಳಿಸಲಾಯಿತು. ಮತದಾರರ ಸಂಖ್ಯೆ ಹೆಚ್ಚಿದ್ದ ಪೂರ್ವದ ರಾಜ್ಯಗಳು ನಿಟ್ಟುಸಿರು ಬಿಟ್ಟವು. ಕಾಂಗ್ರೆಸ್ ಚುನಾವಣೆಗೆ ಆಗ ಉಳಿದಿದ್ದುದು ಐದೇ ತಿಂಗಳು.

ಮರುವರ್ಷ ಮುಸುಕೂ ಉಳಿಯಲಿಲ್ಲ. 1987ರ ಡಿಸೆಂಬರಿನಲ್ಲಿ ಆಯವ್ಯಯದ ಮಸೂದೆಯೊಂದಕ್ಕೆ ತಿದ್ದುಪಡಿಯನ್ನು ಸೇರಿಸಿ, ಯಕ್ಕಾ ಪರ್ವತವೊಂದನ್ನು ಮಾತ್ರ ಅಧ್ಯಯನ ಮಾಡತಕ್ಕದ್ದೆಂದು ಅಮೆರಿಕದ ಕಾಂಗ್ರೆಸ್ ವಿಧಿಸಿತು. ಆಗ ಕೆಳಮನೆಯ ಸಭಾಧ್ಯಕ್ಷರಾಗಿದ್ದವರು ಟೆಕ್ಸಾಸ್‌ನ ಜಿಮ್ ರೈಟ್, ಬಹುಮತ ಪಕ್ಷದ ನಾಯಕರಾಗಿದ್ದವರು ವಾಷಿಂಗ್ಟನ್ ರಾಜ್ಯದ ಟಾಮ್ ಫೋಲಿ. ಪಟ್ಟಿಯಿಂದ ಬಿಟ್ಟುಹೋದ ಎರಡು ಸ್ಥಳಗಳು ಇದೇ ಎರಡು ರಾಜ್ಯಗಳಲ್ಲಿದ್ದವೆಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಟೆಕ್ಸಾಸ್‌ಗೆ ಕೆಳಮನೆಯಲ್ಲಿ 27 ಸದಸ್ಯರಿದ್ದರೆ ನೆವಾಡಾಕ್ಕೆ ಇದ್ದವರು ಇಬ್ಬರು. ನೆವಾಡಾದಲ್ಲಿ ಒಂದೇ ಒಂದು ಅಣುವಿದ್ಯುತ್ ಸ್ಥಾವರವೂ ಇರಲಿಲ್ಲ. ಆದರೂ 1951ರಿಂದ 1992ರವರೆಗೆ ಆ ರಾಜ್ಯದ ನೆಲದಲ್ಲಿ 900ಕ್ಕೂ ಹೆಚ್ಚು ಅಣ್ವಸ್ತ್ರ ಪರೀಕ್ಷೆಗಳು ನಡೆದವು. ಯಕ್ಕಾ ಪರ್ವತದ ಸುತ್ತಲಿನ ಭೂಮಿ 1863ರ ಒಪ್ಪಂದದಂತೆ ತಮ್ಮದೆಂದು ಪಶ್ಚಿಮ ಶೋಶೋನಿ ಬುಡಕಟ್ಟಿನವರು ಹೇಳಿಕೊಂಡೇ ಬಂದಿದ್ದಾರೆ. ಅವರ ಮಾತನ್ನು ಕೇಳಿದವರು ಯಾರೂ ಇರಲಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ಯಕ್ಕಾ ಪರ್ವತಕ್ಕೆ ಅಂಕಪಟ್ಟಿಯಲ್ಲಿ ಮೊದಲ ಸ್ಥಾನವೇ ದೊರೆತಿತ್ತು. ಆದ್ದರಿಂದ ವಿಜ್ಞಾನವೂ ರಾಜಕಾರಣವೂ ಒಂದೇ ತೀರ್ಮಾನಕ್ಕೆ ಬಂದಂತಾಯಿತಲ್ಲ ಎಂದು ಯಾರಾದರೂ ಕೇಳಬಹುದು. ತೀರ್ಮಾನ ಒಂದೇ ಇರಬಹುದು. ಆದರೆ ಪರ್ಯಾಯವನ್ನೇ ಇಲ್ಲವಾಗಿಸಿದ ಮೇಲೆ ಪರೀಕ್ಷೆಗೆ ಅರ್ಥವಿರುವುದಿಲ್ಲ. ಒಂದೇ ಟೆಂಡರನ್ನು ತೆರೆದು ಅದೇ ಕನಿಷ್ಠ ದರವೆಂದು ಘೋಷಿಸಿದರೆ ಯಾವ ಲೆಕ್ಕಪರಿಶೋಧಕನೂ ಒಪ್ಪಲಾರ.

ಮುಂದೆ ನಡೆದದ್ದೂ ಹಾಗೆಯೇ. ಯಕ್ಕಾ ಪರ್ವತ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಶಿಲೆ. ನೆಲಮಟ್ಟದಿಂದ ಸುಮಾರು 300 ಮೀಟರ್ ಕೆಳಗೆ, ಅಂತರ್ಜಲಕ್ಕಿಂತ ಸುಮಾರು ಅಷ್ಟೇ ಮೇಲೆ ತ್ಯಾಜ್ಯವನ್ನಿಡುವುದು ಯೋಜನೆ. ಮಳೆ ಕಡಿಮೆಯಿರುವ ಮರುಭೂಮಿಯಾದ್ದರಿಂದ ನೀರು ಅಲ್ಲಿಗೆ ತಲುಪಲು ಸಾವಿರಾರು ವರ್ಷ ಬೇಕೆಂದು ಮೊದಲಿಗೆ ಎಣಿಸಲಾಗಿತ್ತು. ಆದರೆ 1990ರ ದಶಕದಲ್ಲಿ ಬೆಟ್ಟದೊಳಗೆ ಕೊರೆದ ಸುರಂಗದಲ್ಲಿ ಕ್ಲೋರಿನ್-36ರ ಅಂಶ ಹೆಚ್ಚಾಗಿರುವುದನ್ನು ಲಾಸ್ ಅಲಮಾಸ್ ಪ್ರಯೋಗಾಲಯದವರು ಕಂಡರು. ಶಾಂತಸಾಗರದ ಬಾಂಬ್ ಪರೀಕ್ಷೆಗಳಿಂದ ವಾತಾವರಣಕ್ಕೆ ಸೇರಿದ ಅಂಶವದು. ಅದು ನಿಜವಾದರೆ, ಬಿರುಕುಗಳ ಮೂಲಕ ಕೇವಲ 50 ವರ್ಷಗಳಲ್ಲಿ ಮಳೆನೀರು ಅಷ್ಟು ಆಳಕ್ಕೆ ಇಳಿದಿದೆಯೆಂದಾಯಿತು. ಅನಂತರ ಬೇರೆ ತಂಡ ನಡೆಸಿದ ಪರೀಕ್ಷೆಯಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ, ವಿವಾದ ಬಗೆಹರಿಯಲಿಲ್ಲ. ಆರಂಭದ ನಿಯಮಗಳಂತೆ ನೀರಿನ ಪಯಣದ ಕಾಲವೊಂದೇ ಒಂದು ಸ್ಥಳವನ್ನು ಅನರ್ಹಗೊಳಿಸಲು ಸಾಕಾಗುತ್ತಿತ್ತು. 2001ರಲ್ಲಿ ಇಲಾಖೆಯು ಆ ನಿಯಮಗಳನ್ನು ಯಕ್ಕಾ ಪರ್ವತದ ಮಟ್ಟಿಗೆ ಬದಲಿಸಿ, ಕಲ್ಲು ಮತ್ತು ಲೋಹದ ಪೆಟ್ಟಿಗೆ ಎರಡರ ಒಟ್ಟು ಸಾಮರ್ಥ್ಯವನ್ನು ಅಳೆಯುವ ಕ್ರಮವನ್ನು ತಂದಿತು. ನಿಕಲ್ ಮಿಶ್ರಲೋಹದ ಪೆಟ್ಟಿಗೆಯ ಮೇಲೆ ತೊಟ್ಟಿಕ್ಕುವ ನೀರನ್ನು ತಡೆಯಲು ಟೈಟಾನಿಯಂ ಹೊದಿಕೆಯೂ ವಿನ್ಯಾಸಕ್ಕೆ ಸೇರಿತು. ತಾಂತ್ರಿಕವಾಗಿ ಹೊಸ ಕ್ರಮ ಸಮರ್ಥನೀಯವೆಂದು ಅನೇಕ ತಜ್ಞರು ಹೇಳಿದ್ದುಂಟು. ಆದರೆ ಪರೀಕ್ಷೆಯ ನಡುವೆ ಪ್ರಶ್ನಪತ್ರಿಕೆ ಬದಲಾದುದನ್ನು ಕಂಡ ನೆವಾಡಾದ ಜನರಿಗೆ ತಜ್ಞರ ಮಾತಿನಲ್ಲಿ ನಂಬಿಕೆ ಹುಟ್ಟಲು ಕಾರಣವಿರಲಿಲ್ಲ.

2002ರಲ್ಲಿ ನೆವಾಡಾ ರಾಜ್ಯಪಾಲರ ನಿರಾಕರಣೆಯನ್ನು ಕಾಂಗ್ರೆಸ್ ತಳ್ಳಿಹಾಕಿತು. ಸುರಕ್ಷತೆಯನ್ನು 10,000 ವರ್ಷಗಳಿಗೆ ಮಾತ್ರ ಲೆಕ್ಕಹಾಕಿದ ಮಾನದಂಡವನ್ನು 2004ರಲ್ಲಿ ನ್ಯಾಯಾಲಯ ರದ್ದುಪಡಿಸಿತು. ಆಮೇಲೆ ಅದು ಹತ್ತು ಲಕ್ಷ ವರ್ಷಕ್ಕೆ ಏರಿತು. 2008ರ ಜೂನಿನಲ್ಲಿ ಪರವಾನಗಿಗೆ ಅರ್ಜಿ ಸಲ್ಲಿಕೆಯಾಯಿತು. ಅಷ್ಟರಲ್ಲಿ ರಾಜಕಾರಣದ ತಕ್ಕಡಿ ತಿರುಗಿತ್ತು. 1987ರಲ್ಲಿ ನೆವಾಡಾದ ಹೊಸ ಸೆನೆಟರಾಗಿ ಅಸಹಾಯಕರಾಗಿ ಕುಳಿತಿದ್ದ ಹ್ಯಾರಿ ರೀಡ್ 2007ರಲ್ಲಿ ಸೆನೆಟ್ಟಿನ ಬಹುಮತ ಪಕ್ಷದ ನಾಯಕರಾಗಿದ್ದರು. 2010ರಲ್ಲಿ ಒಬಾಮಾ ಸರ್ಕಾರ ಅರ್ಜಿಯನ್ನು ಹಿಂಪಡೆಯಲು ಹೊರಟಿತು. ಅದಕ್ಕೆ ಕೊಟ್ಟ ಕಾರಣ ಯೋಜನೆ ಕಾರ್ಯಸಾಧ್ಯವಲ್ಲವೆಂಬುದೇ ಹೊರತು ಸ್ಥಳ ಅಸುರಕ್ಷಿತವೆಂಬುದಲ್ಲ. ನ್ಯಾಯಾಲಯದ ಆದೇಶದಂತೆ ಅಣು ನಿಯಂತ್ರಣ ಆಯೋಗದ ಸಿಬ್ಬಂದಿ 2015ರ ಜನವರಿಯಲ್ಲಿ ಮುಗಿಸಿದ ವರದಿ ಓದಲು ಸ್ವಾರಸ್ಯಕರವಾಗಿದೆ. ಸುರಕ್ಷತೆಯ ಬಹುತೇಕ ಷರತ್ತುಗಳು ಈಡೇರಿವೆ, ಆದರೆ ಭೂಮಿಯ ಒಡೆತನ ಮತ್ತು ನೀರಿನ ಹಕ್ಕು ಇಲಾಖೆಯ ಕೈಯಲ್ಲಿಲ್ಲ ಎಂದು ಅದು ತಿಳಿಸಿತು. ನೀರಿನ ಹಕ್ಕನ್ನು ಕೊಡಬೇಕಾಗಿದ್ದುದು ನೆವಾಡಾ ರಾಜ್ಯ. ಪಹಣಿ, ಖಾತೆ ಸರಿಯಿಲ್ಲದ ನಿವೇಶನದಲ್ಲಿ ಕಾರ್ಖಾನೆ ಕಟ್ಟಲು ಹೊರಟವರ ಪಾಡು ವರ್ತಕ ಬಂಧುಗಳಿಗೆ ತಿಳಿಯದ್ದಲ್ಲ.

ಈಗ ಹಣದ ಲೆಕ್ಕವನ್ನು ನೋಡಬೇಕು. ಯಕ್ಕಾ ಪರ್ವತಕ್ಕಾಗಿ ಖರ್ಚಾದ ಮೊತ್ತ ಸುಮಾರು 1,500 ಕೋಟಿ ಡಾಲರ್. ಅಲ್ಲಿ ಒಂದು ಕಿಲೋ ತ್ಯಾಜ್ಯವನ್ನೂ ಇರಿಸಲಾಗಿಲ್ಲ. ವಿದ್ಯುತ್ ಬಳಕೆದಾರರಿಂದ ವರ್ಷಕ್ಕೆ ಸುಮಾರು 75 ಕೋಟಿ ಡಾಲರಿನಂತೆ ಶುಲ್ಕ ವಸೂಲಾಗುತ್ತಿತ್ತು. ಕೆಲಸವೇ ನಿಂತಿರುವಾಗ ಶುಲ್ಕವೇಕೆಂದು ನ್ಯಾಯಾಲಯ ಪ್ರಶ್ನಿಸಿದ ಮೇಲೆ 2014ರ ಮೇ ತಿಂಗಳಿನಿಂದ ಅದನ್ನು ಶೂನ್ಯಕ್ಕೆ ಇಳಿಸಲಾಯಿತು. ಬಡ್ಡಿ ಸೇರಿ ನಿಧಿಯಲ್ಲಿ 4,000 ಕೋಟಿ ಡಾಲರಿಗೂ ಹೆಚ್ಚು ಇದೆ ಎಂದು ಪುಸ್ತಕ ಹೇಳುತ್ತದೆ. ಆದರೆ ಆ ನಿಧಿ ಪೆಟ್ಟಿಗೆಯಲ್ಲಿಟ್ಟ ನಗದಲ್ಲ, ಸರ್ಕಾರ ತನಗೆ ತಾನೇ ಬರೆದುಕೊಟ್ಟ ಸಾಲಪತ್ರ. ಅದರಿಂದ ಒಂದು ಡಾಲರ್ ತೆಗೆಯಬೇಕಾದರೂ ಕಾಂಗ್ರೆಸ್ ಪ್ರತಿ ವರ್ಷ ಮಂಜೂರಾತಿ ಕೊಡಬೇಕು. ನೌಕರರ ಭವಿಷ್ಯನಿಧಿಯನ್ನು ದುಡಿಮೆ ಬಂಡವಾಳಕ್ಕೆ ಬಳಸಿಕೊಂಡ ಮಾಲೀಕನ ಸ್ಥಿತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

1998ರ ಗಡುವು ಮೀರಿದೊಡನೆ ವಿದ್ಯುತ್ ಕಂಪನಿಗಳು ಕರಾರು ಭಂಗಕ್ಕಾಗಿ ದಾವೆ ಹೂಡಿದವು, ಗೆದ್ದವು. ಪರಿಹಾರವನ್ನು ತ್ಯಾಜ್ಯ ನಿಧಿಯಿಂದ ಕೊಡುವಂತಿಲ್ಲವೆಂದು 2002ರಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ತೀರ್ಪಿತ್ತುದರಿಂದ ಅದು ಸಾಮಾನ್ಯ ಖಜಾನೆಯಿಂದ ಹೋಗತೊಡಗಿತು. 2021ರ ಹೊತ್ತಿಗೆ ಹೀಗೆ ಪಾವತಿಯಾದ ಮೊತ್ತ ಸುಮಾರು 900 ಕೋಟಿ ಡಾಲರ್. ಅಲ್ಲಿನ ನಾಗರಿಕನು ಮೊದಲು ವಿದ್ಯುತ್ ಗ್ರಾಹಕನಾಗಿ ಶುಲ್ಕ ತೆತ್ತನು, ಬಳಿಕ ತೆರಿಗೆದಾರನಾಗಿ ಪರಿಹಾರ ತೆತ್ತನು. 90,000 ಟನ್ನಿನಷ್ಟು ಉರಿದ ಇಂಧನ ಮಾತ್ರ ಸ್ಥಾವರಗಳ ಅಂಗಳದಲ್ಲಿಯೇ ಉಳಿದಿದೆ. ಯಕ್ಕಾ ಪರ್ವತಕ್ಕೆ ಶಾಸನ ವಿಧಿಸಿದ್ದ ಮಿತಿ 70,000 ಟನ್. ಅದು ಇಂದೇ ತೆರೆದರೂ ಸಾಲದು.

ಇದಕ್ಕೆ ಪ್ರತಿಯಾಗಿ ಫಿನ್ಲೆಂಡನ್ನು ನೋಡಬಹುದು. ಅಲ್ಲಿನ ಸರ್ಕಾರ 1983ರಲ್ಲಿಯೇ ಕಾಲಪಟ್ಟಿಯನ್ನು ಹಾಕಿತು. 1987ರ ಅಣುಶಕ್ತಿ ಶಾಸನದಲ್ಲಿ, ಸ್ಥಳೀಯ ಪುರಸಭೆ ಒಪ್ಪದಿದ್ದರೆ ಯೋಜನೆ ಅಲ್ಲಿಗೆ ಮುಗಿಯಿತೆಂಬ ನಿರಾಕರಣಾಧಿಕಾರವನ್ನು ಬರೆದಿಡಲಾಯಿತು. ನಾಲ್ಕು ಸ್ಥಳಗಳನ್ನು ವಿವರವಾಗಿ ಶೋಧಿಸಿದ ಪೋಸಿವಾ ಕಂಪನಿ, ಭೂವೈಜ್ಞಾನಿಕವಾಗಿ ನಾಲ್ಕೂ ಯೋಗ್ಯವೆಂದು ಕಂಡಿತು. ಆಯ್ಕೆಯಾದುದು ಯೂರಾಯೋಕಿ ಪುರಸಭೆಯ ಓಲ್ಕಿಲುವೊಟೊ. ಅಲ್ಲಿ ಮೊದಲೇ ಅಣುಸ್ಥಾವರಗಳಿದ್ದವು, ಸಾಗಣೆ ಕಡಿಮೆ, ಜನರ ವಿರೋಧವೂ ಕಡಿಮೆ. ಇವು ರಾಜಕೀಯ ಹಾಗೂ ವ್ಯಾವಹಾರಿಕ ಕಾರಣಗಳೆಂಬುದನ್ನು ಯಾರೂ ಮುಚ್ಚಿಡಲಿಲ್ಲ. 2000ದ ಜನವರಿಯಲ್ಲಿ ಪುರಸಭೆ 20-7 ಮತಗಳಿಂದ ಒಪ್ಪಿತು. 2001ರಲ್ಲಿ ಸಂಸತ್ತು 159-3 ಮತಗಳಿಂದ ಅನುಮೋದಿಸಿತು. ಊರಿಗೆ ಪ್ರತಿಫಲವೂ ದೊರೆಯಿತು. ಪುರಸಭೆಯ ಹಳೆಯ ಮಹಲೊಂದನ್ನು ಕಂಪನಿ ಗುತ್ತಿಗೆಗೆ ಪಡೆದು ದುರಸ್ತಿ ಮಾಡಿಸಿತು, ವೃದ್ಧರ ವಸತಿಗೃಹಕ್ಕೆ ಸಾಲ ನೀಡಿತು. 2015ರಲ್ಲಿ ನಿರ್ಮಾಣದ ಪರವಾನಗಿ ದೊರೆತು, 400 ಮೀಟರಿಗೂ ಆಳದ ಸುರಂಗಗಳಲ್ಲಿ 2024ರಲ್ಲಿ ಪ್ರಾಯೋಗಿಕ ಚಾಲನೆ ಆರಂಭವಾಯಿತು.

ಸ್ವೀಡನ್ ಮೊದಲಿಗೆ ಎಡವಿತ್ತು. ಉತ್ತರದ ಸ್ಟೋರುಮನ್ ಮತ್ತು ಮಾಲೋ ಪುರಸಭೆಗಳು 1995 ಹಾಗೂ 1997ರ ಜನಮತಗಣನೆಯಲ್ಲಿ ಬೇಡವೆಂದವು. ಕಂಪನಿ ವಾದಕ್ಕೆ ನಿಲ್ಲದೆ ಹಿಂದೆ ಸರಿಯಿತು. ಕೊನೆಗೆ ಓಸ್ಟ್‌ಹಮ್ಮರ್ ಮತ್ತು ಓಸ್ಕರ್ಸ್‌ಹಮ್ನ್ ಎಂಬ ಎರಡು ಪುರಸಭೆಗಳು ಉಳಿದಾಗ 2009ರಲ್ಲಿ ಆದ ಒಪ್ಪಂದ ವಾಣಿಜ್ಯ ಬುದ್ಧಿಗೆ ವಿಶೇಷವಾಗಿ ಮೆಚ್ಚುಗೆಯಾಗುವಂತಹುದು. ಉದ್ಯಮವು ಎರಡೂ ಊರುಗಳ ಅಭಿವೃದ್ಧಿಗೆ ಒಟ್ಟು 200 ಕೋಟಿ ಕ್ರೋನಾ ಮೌಲ್ಯದ ಕಾರ್ಯಗಳನ್ನು ಮಾಡತಕ್ಕದ್ದು. ಅದರಲ್ಲಿ ನೆಲೆ ಸಿಗದ ಊರಿಗೆ ಶೇಕಡಾ 75, ನೆಲೆ ಸಿಕ್ಕ ಊರಿಗೆ ಶೇಕಡಾ 25! ನೆಲೆ ಪಡೆದ ಊರಿಗೆ ಉದ್ಯೋಗ, ವ್ಯಾಪಾರ ಹೇಗೂ ಬರುತ್ತವೆ, ಸೋತವರಿಗೆ ಸಮಾಧಾನ ಬೇಕು ಎಂಬುದು ತರ್ಕ. ಅಣುತ್ಯಾಜ್ಯದ ನೆಲೆಯನ್ನು ಕಳೆದುಕೊಂಡ ಊರಿಗೆ ಪರಿಹಾರ ಕೊಡಬೇಕಾಗುವ ಪರಿಸ್ಥಿತಿ ನೆವಾಡಾದಲ್ಲಿ ಕಲ್ಪನೆಗೂ ನಿಲುಕದು. ಭೂವಿಜ್ಞಾನದ ಆಧಾರದ ಮೇಲೆ ಓಸ್ಟ್‌ಹಮ್ಮರ್‌ನ ಫೋರ್ಸ್‌ಮಾರ್ಕ್ ಆಯ್ಕೆಯಾಯಿತು. 2022ರಲ್ಲಿ ಸರ್ಕಾರ ಒಪ್ಪಿತು, 2025ರ ಜನವರಿಯಲ್ಲಿ ಕಾಮಗಾರಿ ಆರಂಭವಾಯಿತು.

ಒಪ್ಪಿಗೆಯ ಹೆಸರಿನಲ್ಲಿ ಬಡ ಊರುಗಳನ್ನು ಹಣ ತೋರಿಸಿ ಕೊಳ್ಳುವುದಲ್ಲವೇ ಇದು ಎಂಬ ಆಕ್ಷೇಪಣೆ ಇದೆ. ತಳ್ಳಿಹಾಕುವಂತಹ ಆಕ್ಷೇಪಣೆಯೂ ಅಲ್ಲ. ಆದರೆ ‘ಬೇಡ’ ಎಂದು ಹೇಳುವ ಅಧಿಕಾರ ಕೈಯಲ್ಲಿದ್ದು ‘ಆಗಲಿ’ ಎಂದವರಿಗೂ, ಅಂತಹ ಅಧಿಕಾರವಿಲ್ಲದೆ ಪರಿಹಾರದ ಚೆಕ್ಕನ್ನು ಮಾತ್ರ ಪಡೆದವರಿಗೂ ವ್ಯತ್ಯಾಸವಿದೆ. ನ್ಯೂ ಮೆಕ್ಸಿಕೋದ ಕಾರ್ಲ್ಸ್‌ಬಾಡ್ ಪಟ್ಟಣವನ್ನೇ ತೆಗೆದುಕೊಳ್ಳಬಹುದು. ಪೊಟ್ಯಾಷ್ ಗಣಿಗಾರಿಕೆ ಇಳಿಮುಖವಾಗಿದ್ದ 1970ರ ದಶಕದಲ್ಲಿ ಅಲ್ಲಿನ ಮುಖಂಡರೇ ಮುಂದೆ ಬಂದು, ಸೇನಾ ಅಣುಕಾರ್ಯದ ತ್ಯಾಜ್ಯವನ್ನು ತಮ್ಮ ಉಪ್ಪಿನ ಪದರಕ್ಕೆ ಆಹ್ವಾನಿಸಿದರು. 655 ಮೀಟರ್ ಆಳದ ಆ ನೆಲೆ 1999ರಲ್ಲಿ ತೆರೆಯಿತು. 2014ರ ಫೆಬ್ರವರಿಯಲ್ಲಿ ಅಲ್ಲಿ ಪೀಪಾಯಿಯೊಂದು ಸಿಡಿದು ವಿಕಿರಣ ಹೊರಬಂದಿತು. ತ್ಯಾಜ್ಯದ ತೇವವನ್ನು ಹೀರಲು ಖನಿಜದ ಪುಡಿಯ ಬದಲು ಸಸ್ಯಮೂಲದ ಪುಡಿಯನ್ನು ಬಳಸಿದ್ದು ಕಾರಣ. ಎರಡೂ ಬೆಕ್ಕು ಸಾಕುವವರು ಅಂಗಡಿಯಲ್ಲಿ ಕೊಳ್ಳುವ ಸರಕೇ! ಸರಕಿನ ವಿವರಣೆಯಲ್ಲಾದ ಒಂದು ಪದದ ವ್ಯತ್ಯಾಸ ನೆಲೆಯನ್ನು ಸುಮಾರು ಮೂರು ವರ್ಷ ಮುಚ್ಚಿಸಿತು. ಅಷ್ಟಾದರೂ 2017ರಲ್ಲಿ ಅದು ಮತ್ತೆ ತೆರೆಯಿತು. ಊರಿನ ಬೆಂಬಲ ಕರಗಲಿಲ್ಲ.

ಕ್ಷೀಣಿಸುತ್ತಿರುವ ಗಣಿ ಪಟ್ಟಣವೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೋಲಾರದ ಚಿನ್ನದ ಗಣಿ. ಅದಕ್ಕೂ ಈ ವಿಷಯಕ್ಕೂ ನೇರ ಸಂಬಂಧವೇ ಇದೆ. 1980ರ ದಶಕದಲ್ಲಿ, ಗಣಿಯ ಬಳಕೆಯಲ್ಲಿಲ್ಲದ ಭಾಗದಲ್ಲಿ ಸುಮಾರು ಸಾವಿರ ಮೀಟರ್ ಆಳದಲ್ಲಿ ಕೋಣೆಯೊಂದನ್ನು ಕೊರೆದು, ತ್ಯಾಜ್ಯದ ಶಾಖಕ್ಕೆ ಕಲ್ಲು ಹೇಗೆ ಪ್ರತಿಕ್ರಿಯಿಸುತ್ತದೆಂದು ಭಾಭಾ ಅಣುಸಂಶೋಧನಾ ಕೇಂದ್ರ ಪರೀಕ್ಷಿಸಿತು. ಬಳಸಿದ್ದು ವಿದ್ಯುತ್ ಕಾವುಯಂತ್ರಗಳನ್ನೇ ಹೊರತು ತ್ಯಾಜ್ಯವನ್ನಲ್ಲ. ಶುದ್ಧ ವೈಜ್ಞಾನಿಕ ಪ್ರಯೋಗವದು. ಗಣಿ 2001ರಲ್ಲಿ ಮುಚ್ಚಿತು. 2012ರ ನವೆಂಬರಿನಲ್ಲಿ, ಕೂಡಂಕುಳಂ ಪ್ರಕರಣದ ವಿಚಾರಣೆಯ ವೇಳೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಕೋಲಾರ ಗಣಿಯ ಹೆಸರು ತ್ಯಾಜ್ಯದ ನೆಲೆಯ ಸಂಬಂಧದಲ್ಲಿ ಬಂದುದೇ ತಡ, ಜಿಲ್ಲೆಯಲ್ಲಿ ಪ್ರತಿಭಟನೆಗಳು ಭುಗಿಲೆದ್ದವು. ಕೆಲವೇ ದಿನಗಳಲ್ಲಿ ಕೇಂದ್ರ ಸರ್ಕಾರ ಅಂತಹ ಯೋಜನೆಯೇ ಇಲ್ಲವೆಂದು ಸ್ಪಷ್ಟೀಕರಣ ನೀಡಿತು.

ಕಲ್ಲಿನ ಗುಣ ಯೋಗ್ಯವೇ ಅಲ್ಲವೇ ಎಂಬ ಚರ್ಚೆ ಅಲ್ಲಿ ಆರಂಭವೇ ಆಗಲಿಲ್ಲ. ಹಳೆಯ ಗಣಿ ಅಂತಹ ನೆಲೆಗೆ ತಕ್ಕುದಲ್ಲವೆಂದು ಹೇಳಲು ಭೂವಿಜ್ಞಾನದಲ್ಲಿ ಬಲವಾದ ಕಾರಣಗಳಿವೆ: ಮೂರು ಕಿಲೋಮೀಟರಿಗೂ ಆಳಕ್ಕೆ ಕೊರೆದ ಸುರಂಗಗಳು, ಅವುಗಳಲ್ಲಿ ತುಂಬಿರುವ ನೀರು, ಶಿಲಾಸ್ಫೋಟಗಳ ಚರಿತ್ರೆ. 1970ರ ವೇಳೆಗೆ ಅಮೆರಿಕವು ಕ್ಯಾನ್ಸಾಸ್‌ನ ಲಯನ್ಸ್ ಎಂಬಲ್ಲಿನ ಹಳೆಯ ಉಪ್ಪಿನ ಗಣಿಯನ್ನು ಆರಿಸಿ, ಸುತ್ತಮುತ್ತ ತೈಲಕ್ಕಾಗಿ ಕೊರೆದ ಹಳೆಯ ರಂಧ್ರಗಳಿರುವುದು ಬೆಳಕಿಗೆ ಬಂದ ಮೇಲೆ ಎರಡು ವರ್ಷಗಳಲ್ಲಿ ಕೈಬಿಟ್ಟುದು ಇಂತಹ ಕಾರಣಕ್ಕಾಗಿಯೇ. ಕೋಲಾರದಲ್ಲಿ ಈ ವಾದವನ್ನು ಸರ್ಕಾರದ ತಜ್ಞರೇ ಮೊದಲು ಜನರ ಮುಂದಿಟ್ಟಿದ್ದರೆ ಬೀದಿಗಿಳಿಯುವ ಪ್ರಮೇಯ ಬರುತ್ತಿರಲಿಲ್ಲ.

ಭಾರತವು ಉರಿದ ಇಂಧನವನ್ನು ಮರುಸಂಸ್ಕರಿಸಿ, ಉಳಿದ ತ್ಯಾಜ್ಯವನ್ನು ಗಾಜಿನೊಳಗೆ ಬೆಸೆದು ಇರಿಸುವ ಮಾರ್ಗವನ್ನು ಅನುಸರಿಸುತ್ತಿದೆ. ಪ್ರಮಾಣ ಅಲ್ಪವಾದ್ದರಿಂದ ಭೂಗರ್ಭ ನೆಲೆಯ ಅಗತ್ಯ ಸದ್ಯಕ್ಕಿಲ್ಲವೆಂಬುದು ಅಣುಶಕ್ತಿ ಇಲಾಖೆ ಹೇಳುತ್ತ ಬಂದಿರುವ ಮಾತು. ಆದರೆ ಅಂತಹ ನೆಲೆಯನ್ನು ಆದಷ್ಟು ಬೇಗ ಸ್ಥಾಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರ ಮೇ ತಿಂಗಳ ಕೂಡಂಕುಳಂ ತೀರ್ಪಿನಲ್ಲಿ ನಿರ್ದೇಶಿಸಿದೆ. 2047ರ ವೇಳೆಗೆ 100 ಗಿಗಾವಾಟ್ ಅಣುವಿದ್ಯುತ್ ಸಾಮರ್ಥ್ಯದ ಗುರಿಯನ್ನು 2025ರ ಕೇಂದ್ರ ಮುಂಗಡಪತ್ರ ಘೋಷಿಸಿದ ಮೇಲೆ ‘ಅಲ್ಪ’ವೆಂಬ ಪದ ಎಷ್ಟು ಕಾಲ ನಿಲ್ಲಬಲ್ಲದು? ಕೈಗಾದ ನಾಲ್ಕು ಘಟಕಗಳ ವಿದ್ಯುತ್ತನ್ನು ಬಳಸುವ ಈ ರಾಜ್ಯದ ಕೈಗಾರಿಕೆಗಳಿಗೆ ಆ ಪ್ರಶ್ನೆ ಪರಕೀಯವಲ್ಲ. ಸ್ಥಳದ ಹೆಸರು ಕಾಗದದ ಮೇಲೆ ಬರುವ ಮುನ್ನವೇ ಮೂರು ವಿಷಯಗಳು ಶಾಸನದಲ್ಲಿ ಸೇರಬೇಕು. ಸ್ಥಳೀಯ ಸಂಸ್ಥೆಗೆ ನಿರಾಕರಿಸುವ ಅಧಿಕಾರ ಬೇಕು. 1962ರ ಅಣುಶಕ್ತಿ ಕಾಯ್ದೆಯಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. ವಿದ್ಯುತ್ ದರದಲ್ಲಿಯೇ ಸಂಗ್ರಹವಾಗಿ ಖಜಾನೆಯೊಡನೆ ಬೆರೆಯದ ನಿಧಿ ಬೇಕು. ಅರ್ಹತೆಯ ನಿಯಮಗಳನ್ನು ಶೋಧನೆ ಆರಂಭವಾಗುವ ಮೊದಲೇ ಪ್ರಕಟಿಸಿ, ಒಂದು ಸ್ಥಳದ ಸಲುವಾಗಿ ಬದಲಿಸುವಂತಿಲ್ಲವೆಂದು ಕಟ್ಟುಮಾಡಬೇಕು.

ಕೋಲಾರದಲ್ಲಿ ಇದಕ್ಕೂ ಮೊದಲು ತೀರಿಸಬೇಕಾದ ಬಾಕಿಯೊಂದಿದೆ. ನೂರಕ್ಕೂ ಹೆಚ್ಚು ವರ್ಷ ಚಿನ್ನ ತೆಗೆದು ಉಳಿದ ಮೂರು ಕೋಟಿ ಟನ್ನಿಗೂ ಮೀರಿದ ಪುಡಿ, ಊರಿನವರ ಬಾಯಲ್ಲಿ ಸೈನೈಡ್ ದಿಬ್ಬಗಳೆನಿಸಿಕೊಂಡು ಮನೆಗಳ ಬೆನ್ನಿಗೇ ನಿಂತಿದೆ. ಗಾಳಿ ಬೀಸಿದಾಗ ಅದರ ಧೂಳು ಅಡುಗೆಮನೆಯವರೆಗೂ ಬರುತ್ತದೆ. ಗಣಿ ಮುಚ್ಚಿ ಎರಡು ದಶಕಗಳು ಕಳೆದರೂ ಆ ತ್ಯಾಜ್ಯಕ್ಕೆ ಶಾಶ್ವತ ವ್ಯವಸ್ಥೆಯಾಗಿಲ್ಲ. 2012ರಲ್ಲಿ ಬೀದಿಗಿಳಿದವರಿಗೆ ವಿಕಿರಣದ ವಿಜ್ಞಾನ ತಿಳಿದಿರಲಿಲ್ಲವೆಂದು ಅಂದು ಕೆಲವರು ಮೂದಲಿಸಿದರು. ಅವರಿಗೆ ಆ ದಿಬ್ಬಗಳ ವಿಷಯ ಚೆನ್ನಾಗಿ ತಿಳಿದಿತ್ತು.